ಕೀಲಿ ಹಾಕಿದ ಮನೆಯ ಅಕ್ಕಪಕ್ಕ

‘ಮುಟ್ಟುತ್ತದೆ’ ಎಂಬ ಮಾತು ನಮ್ಮ ಕೆಳಗಿನ ಮನೆಯ ಗಣಿತದ ಮೇಡಂಗೆ ಸೇರುತ್ತಿರಲಿಲ್ಲ. ಪಾಠ ಹೇಳುವಾಗಷ್ಟೇ ಅಲ್ಲ, ಸಾಮಾನ್ಯ ಮಾತುಕತೆಯಲ್ಲೂ. ಬಂಗಾಳಕೊಲ್ಲಿಯಲ್ಲಿ ವಾಯುಭಾರ ಕುಸಿದಿದೆ ಎಂದು ಟಿ.ವಿ.ಯಲ್ಲಿ ಹೇಳಿದ ಒಂದು ದಿನ ನಾನು, “ನಾಳೆ ಚೆನ್ನೈ ಮುಟ್ಟುತ್ತಂತೆ ಮೇಡಂ” ಎಂದೆ. ಮೆಟ್ಟಿಲಿನ ಬುಡದಲ್ಲಿ ಸೊಪ್ಪು ಸೋಸುತ್ತ ಕೂತಿದ್ದವರು ಕನ್ನಡಕದ ಮೇಲಿನಿಂದ ನೋಡಿದರು. “ಮುಟ್ಟತದೋ ಇಲ್ಲೋ ಅದು ಬ್ಯಾರೆ ಪ್ರಶ್ನಾ. ಈಗ ಎಷ್ಟು ಹತ್ತರ ಬಂದದ, ಯಾವ ಕಡಿಂದ ಬರಲಿಕ್ಕತ್ತದ, ಅದನ್ನ ಹೇಳ್ರಿ.”

ಕಳೆದ ಮಳೆಗಾಲ ಶುರುವಾಗುವ ಹೊತ್ತಿಗೆ ಪೋರೂರಿನಲ್ಲಿ ತಂಗಿಯ ಮನೆಯಲ್ಲಿ ಅವರು ತೀರಿಕೊಂಡರು. ಅವರು ಧಾರವಾಡದ ಕಡೆಯವರು. ಗಂಡನ ವಿಮಾ ಕಂಪನಿಯ ನೌಕರಿಯ ಜೊತೆ ಚೆನ್ನೈಗೆ ಬಂದು, ಇಲ್ಲಿನ ಕಾಲೇಜೊಂದರಲ್ಲಿ ಗಣಿತ ಕಲಿಸಿ, ನಿವೃತ್ತಿಯಾಗಿ, ಗಂಡ ಹೋದ ಮೇಲೂ ಇಲ್ಲೇ ಉಳಿದವರು. ವೇಲಚೇರಿಯ ನಮ್ಮ ಅಪಾರ್ಟ್‌ಮೆಂಟಿನಲ್ಲಿ ನೆಲಮಹಡಿ ಅವರದು. ಪೂರ್ವದ ಕಾಂಪೌಂಡ್ ಗೋಡೆಗೆ ಹತ್ತಿಕೊಂಡಂತಿದ್ದ ಮುಂದಿನ ಕೋಣೆಯಲ್ಲಿ ಪ್ಲಸ್ ಟೂ ಮಕ್ಕಳಿಗೆ ಕ್ಯಾಲ್ಕುಲಸ್ ಹೇಳಿಕೊಡುತ್ತಿದ್ದರು. ಅರ್ಧ ಶತಮಾನ ಚೆನ್ನೈಯಲ್ಲಿದ್ದರೂ ಅವರ ತಮಿಳು ಧಾರವಾಡದ್ದೇ. ಮಕ್ಕಳು ನಗುತ್ತಿದ್ದರು. ಅವರೂ ನಗುತ್ತಿದ್ದರು, ಆದರೆ ಬೋರ್ಡಿನಿಂದ ಕೈ ತೆಗೆಯುತ್ತಿರಲಿಲ್ಲ.

ನಮ್ಮದು ಮೈಸೂರು ಕಡೆಯ ಕುಟುಂಬ. ಅಜ್ಜ ರೈಲ್ವೆ ಕೆಲಸಕ್ಕೆ ಬಂದು ಇಲ್ಲೇ ನೆಲೆ ನಿಂತವರು. ನನ್ನ ಮಗಳು ಚೈತ್ರಾಳಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ತಮಿಳಿನಲ್ಲಿ ಬರುತ್ತದೆ. ಶಾಲೆಯಲ್ಲಿ ‘ಲಿಮಿಟ್’ ಎಂಬ ಪಾಠ ಶುರುವಾದ ವಾರವೇ ಅವಳು ಪುಸ್ತಕ ಮುಚ್ಚಿಟ್ಟು ಅಳಲು ಕೂತಳು. ನಾನು ಅವಳನ್ನು ಕರೆದುಕೊಂಡು ಕೆಳಗಿಳಿದೆ.

“ಲಿಮಿಟ್ ಅಂದ್ರ ಏನಂತ ತಿಳಕೊಂಡಿ?” ಎಂದು ಕೇಳಿದರು.

“ಅದುಕ್ಕು ಮೇಲೆ ಪೋಗಕ್ಕೂಡಾದು” ಎಂದಳು ಇವಳು. ಅದರಾಚೆ ಹೋಗಬಾರದು ಎಂದು. ನಾವೆಲ್ಲ ಮನೆಯಲ್ಲಿ ‘ಲಿಮಿಟ್ ಮೀರಬೇಡ’ ಎಂದು ಗದರುತ್ತೇವಲ್ಲ, ಹಾಗೆ.

“ಬೇಲಿ ಅಂದ್ಕೊಂಡಿ ಅದನ್ನ. ಬೇಲಿ ಅಲ್ಲ ಅದು. ಬೇಕಾದ್ರ ದಾಟಬಹುದು, ಮತ್ತ ಹೊಳ್ಳಿ ಬರಬಹುದು. ಯಾವದರ ಹತ್ತರ ಹೊಂಟದ ಅನ್ನೂದಷ್ಟ ಕೇಳೋದು.” ಬೋರ್ಡಿನ ಮೇಲೆ ಒಂದು ಭಿನ್ನರಾಶಿ ಬರೆದರು. ಮೇಲೆ ಎಕ್ಸ್ ವರ್ಗ ಕಳೆ ನಾಲ್ಕು, ಕೆಳಗೆ ಎಕ್ಸ್ ಕಳೆ ಎರಡು. “ಎಕ್ಸ್ ಜಾಗಾದಾಗ ಎರಡು ಹಾಕು.”

ಚೈತ್ರಾ ಹಾಕಿದಳು. ಮೇಲೂ ಸೊನ್ನೆ, ಕೆಳಗೂ ಸೊನ್ನೆ. ಪೆನ್ನು ಕೆಳಗಿಟ್ಟು, “ಪುರಿಯಲೆ ಮೇಡಂ” ಎಂದಳು. ಅರ್ಥವಾಗುತ್ತಿಲ್ಲ ಎಂದು.

“ಆ ಮನಿಗೆ ಕೀಲಿ ಹಾಕ್ಯಾರ. ಬಾಗಲಾ ಬಡದ್ರ ಯಾರೂ ತಗ್ಯಂಗಿಲ್ಲ. ಈಗ ಏನ್ ಮಾಡ್ತಿ? ಈ ಬಾಜೂ ಮನಿಯವರನ್ನ ಕೇಳು. ಆ ಬಾಜೂ ಮನಿಯವರನ್ನ ಕೇಳು.”

ಎಡಗಡೆಯ ಮನೆಗಳನ್ನು ಕೇಳಿದರು. ಒಂದು ಪಾಯಿಂಟ್ ಒಂಬತ್ತು ಹಾಕಿದರೆ ಮೂರು ಪಾಯಿಂಟ್ ಒಂಬತ್ತು ಬಂತು. ಇನ್ನೂ ಹತ್ತಿರ ಹೋಗಿ ಒಂದು ಪಾಯಿಂಟ್ ಒಂಬತ್ತು ಒಂಬತ್ತು ಹಾಕಿದರೆ ಮೂರು ಪಾಯಿಂಟ್ ಒಂಬತ್ತು ಒಂಬತ್ತು. ಬಲಗಡೆಯಿಂದ ಎರಡು ಪಾಯಿಂಟ್ ಒಂದು ಹಾಕಿದರೆ ನಾಲ್ಕು ಪಾಯಿಂಟ್ ಒಂದು, ಎರಡು ಪಾಯಿಂಟ್ ಸೊನ್ನೆ ಒಂದು ಹಾಕಿದರೆ ನಾಲ್ಕು ಪಾಯಿಂಟ್ ಸೊನ್ನೆ ಒಂದು. ಚೈತ್ರಾಳ ಕಣ್ಣು ಅಗಲವಾಯಿತು. “ನಾಲು!” ಎಂದಳು.

“ಎರಡೂ ಬಾಜೂದವರು ಒಂದ ಮಾತು ಹೇಳಿದ್ರಿಲ್ಲೋ? ಅದ ಲಿಮಿಟ್. ಆ ಮನಿಯಾಗ ಯಾರೂ ಇರಲಿಕ್ಕಿಲ್ಲ. ಇಲ್ಲಾ, ಇದ್ದವರು ಬ್ಯಾರೇನ ಹೇಳಬಹುದು. ಅದು ನಮಗ ಬ್ಯಾಡ.”

“ಇಬ್ರೂ ಬೇರೆ ಬೇರೆ ಹೇಳಿದ್ರೆ?” ಎಂದು ನಾನು ಕೇಳಿದೆ. ಪಾಠದಲ್ಲಿ ತಲೆ ಹಾಕುವ ಉದ್ದೇಶವಿರಲಿಲ್ಲ, ಬಾಯಿಗೆ ಬಂದುಬಿಟ್ಟಿತು.

ಅವರು ನನ್ನ ಕಡೆ ತಿರುಗಿ ಮೆಚ್ಚಿದವರಂತೆ ತಲೆಯಾಡಿಸಿದರು. “ಹಂಗಿದ್ರ ಲಿಮಿಟ್ ಇಲ್ಲ ಅಂತ ಬರೀಬೇಕ್ರಿ. ಭಾಳ ಮಂದಿ ಒಂದ ಕಡೆ ಕೇಳಿ ಮನಿಗೆ ಹೋಗಿಬಿಡ್ತಾರ. ಅಲ್ಲೇ ತಪ್ಪೋದು.”

ಅಂದಿನಿಂದ ನಾನೂ ಕೋಣೆಯ ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂರುತ್ತಿದ್ದೆ. ಅವರು ಮಕ್ಕಳ ಜೊತೆ ಒಂದು ಆಟ ಆಡುತ್ತಿದ್ದರು. “ಉತ್ತರಕ್ಕ ಎಷ್ಟು ಹತ್ತರ ಬರಬೇಕು, ನೀ ಕೇಳು. ಅದಕ್ಕ ಎಕ್ಸ್ ಎಲ್ಲಿ ನಿಂದ್ರಬೇಕು, ನಾ ಹೇಳ್ತೀನಿ.” ಮಕ್ಕಳು ಕೂದಲೆಳೆಯಷ್ಟು ಹತ್ತಿರ ಎಂದು ಕೇಳಿದರೂ, ಅದರಲ್ಲಿ ನೂರನೆಯ ಒಂದು ಪಾಲು ಎಂದು ಕೇಳಿದರೂ ಅವರ ಬಳಿ ಉತ್ತರವಿರುತ್ತಿತ್ತು. ಕೊನೆಗೆ ಮಕ್ಕಳೇ ಸೋತು ಸುಮ್ಮನಾಗುತ್ತಿದ್ದರು. “ನೀ ಏನ ಕೇಳಿದ್ರೂ ನಾ ಸೋಲಂಗಿಲ್ಲ ಅಂದ್ರ ಮಾತ್ರ ಲಿಮಿಟ್ ಅದ ಅಂತ ಅರ್ಥ. ಒಮ್ಮೆ ಸೋತ್ರೂ ಇಲ್ಲ.”

ಆ ಬೇಸಿಗೆಯಲ್ಲಿ ನಮ್ಮ ಪೂರ್ವದ ಪಕ್ಕದ ಹಳೆಯ ಬಂಗಲೆಯನ್ನು ಒಡೆದರು. ಅಲ್ಲಿ ದೊಡ್ಡ ಕಟ್ಟಡ ಏಳುವುದಿತ್ತು, ನೆಲದಡಿಯಲ್ಲಿ ಕಾರು ನಿಲ್ಲಿಸುವ ಎರಡು ಅಂತಸ್ತು. ಯಂತ್ರಗಳು ಬಂದು ಅಗೆದವು. ವೇಲಚೇರಿಯ ನೆಲದಲ್ಲಿ ಸ್ವಲ್ಪ ಅಗೆದರೆ ನೀರು. ಅದನ್ನು ಎತ್ತಿಹಾಕಲು ಪಂಪುಗಳನ್ನಿಟ್ಟರು. ಬೆಳಗಿನಿಂದ ಬೆಳಗಿನವರೆಗೆ ಒಂದೇ ಸಮ ಗೊರಗುಟ್ಟುವ ಆ ಸದ್ದಿಗೆ ಮೊದಲು ಎಲ್ಲರೂ ಬೈದುಕೊಂಡೆವು, ಆಮೇಲೆ ಒಗ್ಗಿಹೋದೆವು. ಅವರು ಮಾತ್ರ ಒಗ್ಗಲಿಲ್ಲ. ಒಂದು ದಿನ ಬೀದಿಯ ಚರಂಡಿಯ ಪಕ್ಕದಲ್ಲಿ ಬಗ್ಗಿ ನಿಂತಿದ್ದರು. ಪಂಪಿನ ನೀರು ಹರಿದ ದಾರಿಯುದ್ದಕ್ಕೂ ನುಣ್ಣನೆಯ ಬೂದುಬಣ್ಣದ ಮರಳು ಸಾಲಾಗಿ ಕೂತಿತ್ತು. ಬೆರಳಿಂದ ಎತ್ತಿ ನನಗೆ ತೋರಿಸಿದರು.

“ಇದು ಯಾರ ಮನಿ ಕೆಳಗಿಂದ್ರಿ?”

ಅವರ ಕೋಣೆಯ ಗೋಡೆಯಲ್ಲಿ ಬಿರುಕು ಕಾಣಿಸಿದ್ದು ಅದೇ ತಿಂಗಳು. ಕಿಟಕಿಯ ಮೂಲೆಯಿಂದ ಓರೆಯಾಗಿ ನೆಲದ ಕಡೆ ಇಳಿದಿತ್ತು. ಅದರ ಎರಡೂ ಬದಿಗೆ ಪೆನ್ಸಿಲ್ಲಿನಲ್ಲಿ ಗೀಟು ಎಳೆದು, ಸ್ಟೀಲ್ ಸ್ಕೇಲು ಹಿಡಿದು ನೋಡತೊಡಗಿದರು. ಮಕ್ಕಳನ್ನು ಆ ಕೋಣೆಯಲ್ಲಿ ಕೂರಿಸುವುದನ್ನು ಬಿಟ್ಟರು. ಪಾಠ ಪಶ್ಚಿಮದ ಬದಿಯಲ್ಲಿದ್ದ ನಮ್ಮ ಮನೆಯ ಹಾಲಿಗೆ ಬಂತು.

ಅವರ ಮನೆಯ ನೇರ ಮೇಲೆ ಇದ್ದವರು ನಮ್ಮ ಸಂಘದ ಸೆಕ್ರೆಟರಿ. ಒಳ್ಳೆಯ ಮನುಷ್ಯ, ನೀರಿನ ಟ್ಯಾಂಕರಿನಿಂದ ಹಿಡಿದು ಲಿಫ್ಟಿನವರೆಗೆ ಎಲ್ಲದಕ್ಕೂ ಓಡಾಡುವವರು. ಮನೆಯಲ್ಲಿ ಹಾಸಿಗೆ ಹಿಡಿದ ತಾಯಿ, ಮದುವೆಗೆ ನಿಂತ ಮಗಳು ವಿದ್ಯಾ. ಅವರ ಮಾತೆಲ್ಲ ತಮಿಳು, ನಾನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ಮೇಡಂ ಬಿರುಕು ತೋರಿಸಿದಾಗ ಅವರು ಕಟ್ಟುವವರ ಕಡೆಯ ಇಂಜಿನಿಯರನ್ನು ಕರೆಸಿದರು. ಆತ ತಿಂಗಳು ತಿಂಗಳು ಬಂದು ಅಳೆದು ಹೋದ. ಚೆನ್ನೈಯ ಅಕ್ಟೋಬರಿನ ಮಳೆಗಾಲ ಇನ್ನೇನು ಬರಬೇಕು ಎನ್ನುವಾಗ ಸಂಘದ ಸಭೆ ನಡೆಯಿತು.

“ಮೊದಲ ತಿಂಗಳು ಹಿಗ್ಗಿದ್ದರ ಅರ್ಧ ಎರಡನೇ ತಿಂಗಳು. ಮೂರನೇ ತಿಂಗಳು ಅದಕ್ಕಿಂತ ಕಡಿಮೆ. ಈ ತಿಂಗಳು ಇನ್ನೂ ಕಡಿಮೆ. ಬಿಲ್ಡಿಂಗ್ ಕೂತುಕೊಳ್ತಾ ಇದೆ, ತಾನಾಗೇ ನಿಲ್ಲುತ್ತೆ” ಎಂದು ಇಂಜಿನಿಯರ್ ಫೋನಿನಲ್ಲಿ ಅಂಕಿ ತೋರಿಸಿದ.

ಸೆಕ್ರೆಟರಿ ಕೈ ಮುಗಿದು, “ನೋಡಿ ಮೇಡಂ, ಒಣ್ಣುಮೇ ಆಗಾದು. ಏನೂ ಆಗಲ್ಲ” ಎಂದರು.

ಮೇಡಂ ಎದ್ದು ನಿಂತರು. “ಕಡಿಮಿ ಆಗೋದು ಬ್ಯಾರೆ, ನಿಲ್ಲೋದು ಬ್ಯಾರೆ. ಅರ್ಧ, ಅದರ ಅರ್ಧ, ಮತ್ತ ಅದರ ಅರ್ಧ ಅಂತ ಕೂಡಸ್ಕೋತ ಹೋಗ್ರಿ, ಒಂದನ್ನ ದಾಟಂಗಿಲ್ಲ. ಅಲ್ಲೇ ಹತ್ತರ ಹೋಗಿ ಇರ್ತದ. ಆದ್ರ ಅರ್ಧ, ಮೂರನೇ ಒಂದು, ನಾಕನೇ ಒಂದು ಅಂತ ಕೂಡಿಸ್ರಿ. ಅದೂ ದಿನಾ ಸಣ್ಣದಾಗ್ತದ. ಮೊತ್ತ ಮಾತ್ರ ಎಲ್ಲೂ ನಿಲ್ಲಂಗಿಲ್ಲ. ನಿಮ್ಮ ಬಿರುಕು ಯಾವ ಜಾತೀದು?”

ಇದನ್ನು ಚೈತ್ರಾ ತಮಿಳಿನಲ್ಲಿ ಹೇಳಿದಳು. ಇಂಜಿನಿಯರ್ ಫೋನನ್ನು ನೋಡಿಕೊಂಡ. “ಅಷ್ಟೆಲ್ಲ ಥಿಯರಿ ಬೇಕಾಗಲ್ಲಮ್ಮಾ” ಎಂದ.

“ಯಾವ ಜಾತೀದು ಅಂತ ನನಗೂ ಗೊತ್ತಿಲ್ಲ. ಸುಳ್ಳು ಹೇಳಂಗಿಲ್ಲ. ಆದ್ರ ಇನ್ನೊಂದದ. ಇದೆಲ್ಲಾ ಒಣಾ ನೆಲದ ಲೆಕ್ಕ. ಈ ಕಡಿಂದ ನೋಡಿದ್ರ ಎಲ್ಲಾ ಸಾವಕಾಶ ನಡದದ. ಮಳಿ ಬಿದ್ದ ಮರುದಿನದ ಕಡಿಂದ ಯಾರ ನೋಡ್ಯಾರ? ಎರಡೂ ಕಡೆ ಒಂದ ಉತ್ತರ ಬರ್ತದ ಅಂತ ಯಾರ ಹೇಳ್ಯಾರ?”

ಹೊರಗೆ ಪಂಪುಗಳ ಸದ್ದು ಕೇಳಿಸುತ್ತಿತ್ತು. ಆಮೇಲೆ ಯಾರೋ ಚಹಾ ತಂದರು, ಮಾತು ಬೇರೆ ಕಡೆ ಹೊರಳಿತು.

ಅವರಿಗೆ ಮಾತನ್ನು ಮೆತ್ತಗೆ ಮಾಡಿ ಹೇಳುವುದು ಬರುತ್ತಿರಲಿಲ್ಲ. ಹೊತ್ತುಗೊತ್ತು ನೋಡಿ ಹೇಳುವುದಂತೂ ಬರುತ್ತಲೇ ಇರಲಿಲ್ಲ. ವಿದ್ಯಾಳನ್ನು ನೋಡಲು ಗಂಡಿನ ಕಡೆಯವರು ಬಂದ ಭಾನುವಾರದ ಬೆಳಗ್ಗೆ ನಡೆದದ್ದು ಅದಕ್ಕೆ ಸಾಕ್ಷಿ. ಹೂವು, ಹಣ್ಣು, ತಟ್ಟೆಗಳನ್ನು ಹಿಡಿದ ದೊಡ್ಡ ಗುಂಪು ಗೇಟಿನೊಳಗೆ ಬಂತು. ಸೆಕ್ರೆಟರಿಯವರ ಬಾಲ್ಕನಿ ಆ ಗುಂಡಿಯ ಕಡೆಗಿತ್ತು, ಹಿಂದಿನ ದಿನವಷ್ಟೇ ಅದರ ಬುಡದಲ್ಲಿ ಹೊಸ ಸೀಳು ಕಂಡಿತ್ತು. ಮೇಡಂ ಮೆಟ್ಟಿಲಿಗೆ ಅಡ್ಡ ನಿಂತು, ತಮ್ಮ ಧಾರವಾಡದ ತಮಿಳಿನಲ್ಲಿ ಗಂಡಿನ ತಾಯಿಗೆ ಹೇಳಿದರು: “ಎಲ್ಲಾರೂ ಕೂಡಿ ಬಾಲ್ಕನಿಯಾಗ ನಿಂದ್ರಬ್ಯಾಡ್ರಿ. ಅದು ಬೀಳಬಹುದು.”

ಶುಭಕಾರ್ಯಕ್ಕೆ ಹೊಸಿಲು ತುಳಿಯುವಾಗ ಬೀಳುವ ಮಾತು. ಆ ತಾಯಿ ಅಲ್ಲೇ ನಿಂತರು. ತಟ್ಟೆ ಹಿಡಿದವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಕಾಫಿ ಕುಡಿದ ಶಾಸ್ತ್ರ ಮಾಡಿ ಹೊರಟವರು ಮತ್ತೆ ಫೋನ್ ಮಾಡಲಿಲ್ಲ.

ಸೆಕ್ರೆಟರಿ ಕೆಳಗಿಳಿದು ಬಂದು ಎಲ್ಲರ ಎದುರು ಕೂಗಾಡಿದರು. “ಕರುನಾಕ್ಕು! ನಿಮ್ಮದು ಕರುನಾಕ್ಕು!” ನಾವು ಕರಿನಾಲಿಗೆ ಎನ್ನುತ್ತೇವಲ್ಲ, ಆಡಿದ ಕೆಟ್ಟದ್ದು ಆಗಿಯೇ ತೀರುತ್ತದೆ ಎಂದು, ಅದೇ. ಮೇಡಂ ತಲೆ ತಗ್ಗಿಸಿ ಕೇಳಿಸಿಕೊಂಡರು. ಅವರು ಒಳಗೆ ಹೋದ ಮೇಲೆ ನಾನು ಹಿಂದೆ ಹೋದೆ. ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು.

“ಆ ಹುಡುಗಿ ಮದಿವಿ ಮುರಿಬೇಕಂತ ನಾ ಹೇಳಿದ್ನೇನ್ರಿ?”

“ಇಲ್ಲ ಮೇಡಂ. ಆದ್ರೆ ಇವತ್ತು ಹೇಳಬಾರದಿತ್ತು.”

“ಮತ್ತ ಯಾವತ್ತು ಹೇಳಬೇಕಾಗಿತ್ತು? ಅಷ್ಟು ಮಂದಿ ಅಲ್ಲಿ ನಿಂತ ಮ್ಯಾಲೇನು?”

ಆ ಸುದ್ದಿ ಬೀದಿಗೆಲ್ಲ ಹಬ್ಬಿತು. ಪಾಠಕ್ಕೆ ಬರುತ್ತಿದ್ದ ಮಕ್ಕಳು ಒಬ್ಬೊಬ್ಬರಾಗಿ ಕೋಚಿಂಗ್ ಸೆಂಟರಿಗೆ ಸರಿದರು. ಪರೀಕ್ಷೆಯ ವರ್ಷ, ಕರಿನಾಲಿಗೆಯವರ ಬಾಯಲ್ಲಿ ಮಕ್ಕಳ ಹೆಸರು ಯಾಕೆ ಬೀಳಬೇಕು ಎಂದು ಒಬ್ಬ ತಾಯಿ ನನ್ನ ಹತ್ತಿರವೇ ಹೇಳಿದರು. ಕೊನೆಗೆ ಉಳಿದವಳು ಚೈತ್ರಾ ಒಬ್ಬಳೇ. ಒಬ್ಬಳಿಗೂ ಅವರು ಅದೇ ಗಟ್ಟಿ ದನಿಯಲ್ಲಿ, ಇಡೀ ತರಗತಿಗೆ ಹೇಳುವಂತೆ ಪಾಠ ಹೇಳುತ್ತಿದ್ದರು.

ಈಶಾನ್ಯದ ಮಳೆ ಒಂದು ಬೆಳಗ್ಗೆ ಹಿಡಿಯಿತು. ಚೆನ್ನೈಯವರಿಗೆ ಮಳೆಯ ಸದ್ದಿನಲ್ಲೇ ಗೊತ್ತಾಗುತ್ತದೆ, ಇದು ಬಂದು ಹೋಗುವುದೋ ಕೂರುವುದೋ ಎಂದು. ಇದು ಕೂರುವ ಮಳೆ. ಮಧ್ಯಾಹ್ನದ ಊಟಕ್ಕೆ ಕೂತಾಗ ಏನೋ ವ್ಯತ್ಯಾಸವಾಗಿದೆ ಅನ್ನಿಸಿತು, ಏನೆಂದು ತಿಳಿಯಲಿಲ್ಲ. ಚೈತ್ರಾ ತುತ್ತು ಹಿಡಿದ ಕೈಯನ್ನು ಹಾಗೇ ನಿಲ್ಲಿಸಿ, “ಅಮ್ಮಾ, ಪಂಪ್ ಸತ್ತಮೇ ಇಲ್ಲೆ” ಎಂದಳು. ಪಂಪುಗಳ ಸದ್ದಿರಲಿಲ್ಲ. ಮೆಟ್ಟಿಲ ಬಳಿಯ ಪೂರ್ವದ ಕಿಟಕಿಗೆ ಹೋಗಿ ಬಗ್ಗಿ ನೋಡಿದರೆ ಗುಂಡಿ ತುಂಬಿಕೊಳ್ಳುತ್ತಿತ್ತು. ಕಂದು ನೀರು ನಮ್ಮ ಕಾಂಪೌಂಡಿನ ಬುಡವನ್ನು ನೆಕ್ಕುತ್ತಿತ್ತು.

ಅಷ್ಟರಲ್ಲಿ ಮೇಡಂ ಮನೆ ಮನೆಯ ಬಾಗಿಲು ಬಡಿಯುತ್ತ ಬಂದಿದ್ದರು. ಸೀರೆ ಮೊಣಕಾಲಿನವರೆಗೆ ಒದ್ದೆ. “ಹೊರಗ ನಡ್ರಿ. ಎದುರಿನ ಕಲ್ಯಾಣ ಮಂಟಪಕ್ಕ ನಡ್ರಿ.” ಅಂದು ಯಾರೂ ವಾದ ಮಾಡಲಿಲ್ಲ. ಪಂಪಿನ ಸದ್ದು ನಿಂತದ್ದೇ ಎಲ್ಲರನ್ನೂ ಹೆದರಿಸಿತ್ತು. ಕೈಗೆ ಸಿಕ್ಕಿದ್ದನ್ನು ಹಿಡಿದು ಇಳಿದೆವು. ಬಾಗಿಲು ತೆರೆಯದೆ ಉಳಿದದ್ದು ಸೆಕ್ರೆಟರಿಯವರ ಮನೆ ಒಂದೇ.

ಮೇಡಂ ಆ ಬಾಗಿಲ ಮುಂದೆ ನಿಂತು ಬಡಿದರು. ನಾನೂ ಚೈತ್ರಾಳೂ ಮೆಟ್ಟಿಲ ತಿರುವಿನಲ್ಲಿದ್ದೆವು. ಒಳಗಿನಿಂದ ಸೆಕ್ರೆಟರಿಯ ದನಿ ಬಂತು: “ನಿಮ್ಮ ಮಾತು ಕೇಳಿದ್ದು ಸಾಕು. ಹೋಗಿ!”

“ಅವರನ್ನಲ್ಲ, ನಿನ್ನ ಕೇಳ್ತೀನಿ ವಿದ್ಯಾ” ಎಂದು ಇವರು ಬಾಗಿಲಿಗೆ ಬಾಯಿ ಇಟ್ಟು ಹೇಳಿದರು. “ನಿನಗ ನಾ ಕೆಟ್ಟದ್ದು ಮಾಡೀನಿ. ಅದಕ್ಕ ಸಿಟ್ಟಿರಲಿ, ಜೀವಮಾನ ಇರಲಿ. ಅಜ್ಜೀನ ಕರಕೊಂಡು ಬಾ.”

ಆಮೇಲೆ ಚಿಲಕ ತೆಗೆದ ಸದ್ದು. ವಿದ್ಯಾ ಅಪ್ಪನ ಕಡೆ ತಿರುಗಿಯೂ ನೋಡದೆ, “ಪಾಟ್ಟಿಯನ್ನ ತೂಕ್ಕಣುಂ, ಯಾರಾವದು ವಾಂಗ” ಎಂದು ಕೂಗಿದಳು. ಅಜ್ಜಿಯನ್ನು ಎತ್ತಬೇಕು, ಯಾರಾದರೂ ಬನ್ನಿ ಎಂದು. ಎದುರು ಮನೆಯ ಇಬ್ಬರು ಬಂದರು. ಮುದುಕಿಯನ್ನು ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂರಿಸಿ, ಸೀರೆಯಿಂದ ಕಟ್ಟಿ ಇಳಿಸಿದರು. ಸೆಕ್ರೆಟರಿ ಬೈಯುತ್ತಲೇ ಹಿಂದೆ ಬಂದರು. ಎಲ್ಲರಿಗಿಂತ ಕೊನೆಗೆ ಇಳಿದವರು ಮೇಡಂ.

ನಾವು ಕಲ್ಯಾಣ ಮಂಟಪದ ಜಗುಲಿ ಹತ್ತಿ ಹಿಂದಿರುಗಿ ನೋಡುತ್ತಿದ್ದ ಹಾಗೆಯೇ ಕಾಂಪೌಂಡ್ ಗೋಡೆ ಗುಂಡಿಯ ಕಡೆಗೆ ವಾಲಿತು. ಸದ್ದು ಆಮೇಲೆ ಬಂತು. ಗೋಡೆಯ ಹಿಂದೆ ನೆಲ ಜಾರಿತು, ಅದರ ಜೊತೆ ಮೇಡಂ ಪಾಠ ಹೇಳುತ್ತಿದ್ದ ಕೋಣೆ, ಅದರ ಮೇಲಿನ ಬಾಲ್ಕನಿ. ಉಳಿದ ಕಟ್ಟಡ ನಿಂತೇ ಇತ್ತು. ಹರಿದ ಬದಿಯಲ್ಲಿ ಸೆಕ್ರೆಟರಿಯವರ ದೇವರ ಕೋಣೆಯ ಹಳದಿ ಬಣ್ಣ ಬೀದಿಗೆ ಕಾಣುತ್ತಿತ್ತು.

ಒಬ್ಬರಿಗೂ ಗಾಯವಾಗಲಿಲ್ಲ. ಜನ ಅವರ ಕೈ ಹಿಡಿಯುತ್ತಾರೆ, ಕಾಲಿಗೆ ಬೀಳುತ್ತಾರೆ ಎಂದು ನಾನು ಎಣಿಸಿದ್ದೆ. ಯಾರೂ ಅವರ ಹತ್ತಿರ ಹೋಗಲಿಲ್ಲ. ಮಂಟಪದ ಒಂದು ಕಂಬದ ಬಳಿ ಅವರು ನಿಂತಿದ್ದರು, ಅವರ ಸುತ್ತ ಜಾಗ ಖಾಲಿ. ನನ್ನ ಬೆನ್ನ ಹಿಂದೆ ಒಬ್ಬಾಕೆ ಪಿಸುಗುಟ್ಟಿದಳು: “ಸೊಲ್ಲಿ ಸೊಲ್ಲಿಯೇ ವಿಳ ವೆಚ್ಚುಟ್ಟಾಂಗ.” ಹೇಳಿ ಹೇಳಿಯೇ ಬೀಳಿಸಿಬಿಟ್ಟರು.

ಅದು ಅವರಿಗೂ ಕೇಳಿಸಿತು ಎಂದು ನನಗೆ ಗೊತ್ತು. ನಾನು ಹೋಗಿ ತೋಳು ಹಿಡಿದೆ. “ಒಮ್ಮೆರೆ ನಂದು ತಪ್ಪಾಗಬಾರದಿತ್ತೇನ್ರಿ” ಎಂದರು. ಗೆದ್ದವರ ದನಿ ಅದಾಗಿರಲಿಲ್ಲ.

ಆ ವಾರವೇ ತಂಗಿ ಬಂದು ಪೋರೂರಿಗೆ ಕರೆದುಕೊಂಡು ಹೋದರು. ನಾವು ಪಲ್ಲಾವರಕ್ಕೆ ಬಾಡಿಗೆ ಮನೆ ಹಿಡಿದು ಹೋದೆವು. ಉಳಿದವರು ಕಂಬಗಳಿಗೆ ಕಬ್ಬಿಣ ಕಟ್ಟಿಸಿ, ಕಾಂಕ್ರೀಟ್ ಹಾಕಿಸಿ, ಬಿದ್ದ ಬದಿಯನ್ನು ಹೊಸದಾಗಿ ಎಬ್ಬಿಸಿ ವಾಪಸಾದರು. ಪಕ್ಕದ ದೊಡ್ಡ ಕಟ್ಟಡವೂ ಎದ್ದಿತು.

ಚೈತ್ರಾ ಪೋರೂರಿಗೆ ಬಸ್ಸಿನಲ್ಲಿ ಹೋಗಿ ಬರುತ್ತಿದ್ದಳು, ಪ್ಲಸ್ ಟೂ ಮುಗಿಯುವ ತನಕ, ಆಮೇಲೂ. ಕಾಲೇಜಿನಲ್ಲಿ ಗಣಿತವನ್ನೇ ತೆಗೆದುಕೊಂಡಳು. ಅಲ್ಲಿ ಬೇರೆ ಮಕ್ಕಳು ಪಾಠಕ್ಕೆ ಬರಲಿಲ್ಲ. ಸುದ್ದಿ ಅಲ್ಲಿಗೂ ಹೋಗಿರಬೇಕು. ಮೇಡಂ ಮಾತು ಕಡಿಮೆ ಮಾಡಿದ್ದರು. ಗಣಿತ ಬಿಟ್ಟು ಬೇರೆ ಯಾವುದರ ಬಗ್ಗೆ ಕೇಳಿದರೂ, “ನನಗ್ಯಾಕ ಕೇಳ್ತಿ, ಹುಡುಗಿ” ಎನ್ನುತ್ತಿದ್ದರಂತೆ. ಒಮ್ಮೆ ಇವಳು, ನಮ್ಮ ಹಳೆಯ ಬಿಲ್ಡಿಂಗ್ ಈಗ ಗಟ್ಟಿಯೇ ಎಂದು ಕೇಳಿದಳು. “ನೋಡದ ಹೇಳಬಾರದು. ಕರದ್ರ ಹೋಗಿ ನೋಡ್ತೀನಿ” ಎಂದರಂತೆ. ಕರೆಯುವವರು ಯಾರು?

ಅವರು ತೀರಿಕೊಂಡ ದಿನ ಪೋರೂರಿನ ಆ ಮನೆಯಲ್ಲಿ ಹೆಚ್ಚು ಜನರಿರಲಿಲ್ಲ. ಗಾಜಿನ ಪೆಟ್ಟಿಗೆಯ ಪಕ್ಕದಲ್ಲಿ ತಂಗಿ, ಇನ್ನೊಂದು ಪಕ್ಕದಲ್ಲಿ ಚೈತ್ರಾ. ಮಧ್ಯಾಹ್ನದ ಹೊತ್ತಿಗೆ ಸೆಕ್ರೆಟರಿ ಬಂದರು. ನಾನು ನಿರೀಕ್ಷಿಸಿರಲಿಲ್ಲ. ಕೂದಲೆಲ್ಲ ಬೆಳ್ಳಗಾಗಿತ್ತು. ಹಾರ ಇಟ್ಟರು. ಕೈ ಮುಗಿದು ಬಹಳ ಹೊತ್ತು ನಿಂತರು. ಆಮೇಲೆ ನನ್ನನ್ನು ಕಣ್ಣಿನಲ್ಲೇ ಹೊರಗೆ ಕರೆದರು.

ವಿದ್ಯಾಳಿಗೆ ಮದುವೆಯಾಯಿತು, ಕೊಯಮತ್ತೂರಿನಲ್ಲಿದ್ದಾಳೆ, ಅಮ್ಮ ಇನ್ನೂ ಹಾಗೇ ಇದ್ದಾರೆ ಎಂದೆಲ್ಲ ಹೇಳಿದರು. ಏನೋ ಕೇಳಬೇಕೆಂದು ಬಂದಿದ್ದಾರೆ ಎಂದು ನನಗೆ ಗೊತ್ತಾಗುತ್ತಿತ್ತು. ಚಪ್ಪಲಿ ಮೆಟ್ಟಿಕೊಂಡು, ಮತ್ತೆ ಬಿಟ್ಟು, ದನಿ ತಗ್ಗಿಸಿದರು.

“ಏನಮ್ಮಾ, ಕೊನೆಗೆ... ನಮ್ಮ ಬಿಲ್ಡಿಂಗ್ ಬಗ್ಗೆ ಅವರು ಏನಾದ್ರೂ ಹೇಳಿದ್ರಾ?”

“ಇಲ್ಲ” ಎಂದೆ. “ಕರೆದ್ರೆ ಬಂದು ನೋಡ್ತೀನಿ ಅಂದಿದ್ರಂತೆ, ಅಷ್ಟೆ.”

ಅವರು ತಲೆಯಾಡಿಸಿದರು. ಏನೂ ಹೇಳಲಿಲ್ಲ ಎಂದರೆ ಸಮಾಧಾನವಾಗಬೇಕಿತ್ತು, ಆದರೆ ಅವರ ಮುಖದ ಬಣ್ಣ ಇಳಿಯಿತು. ಪೂರ್ವದ ಕಡೆ ಆಕಾಶ ಕಪ್ಪಗಾಗಿತ್ತು, ಗಾಳಿಯಲ್ಲಿ ಆಗಲೇ ಒದ್ದೆ ಮಣ್ಣಿನ ವಾಸನೆಯಿತ್ತು. ಅವರು ಒಂದು ಸಲ ಒಳಗೆ ಗಾಜಿನ ಪೆಟ್ಟಿಗೆಯ ಕಡೆ ನೋಡಿದರು. ಆಮೇಲೆ ಗೇಟಿನವರೆಗೆ ನಡೆದು, ಫೋನ್ ತೆಗೆದು, ಮನೆಯಲ್ಲಿ ತಾಯಿಯನ್ನು ನೋಡಿಕೊಳ್ಳುವ ಹೆಂಗಸಿಗೆ ಕರೆ ಮಾಡಿದರು. ಕೈ ಮರೆ ಮಾಡಿಕೊಂಡು ಮಾತಾಡಿದರೂ ನನಗೆ ಕೇಳಿಸಿತು.

“ಅಮ್ಮನ ಹಾಸಿಗೆಯನ್ನ ಆ ಪೂರ್ವದ ಕಡೆ ರೂಮಿಂದ ತೆಗೆದುಬಿಡು. ಈಗಲೇ. ಯಾಕೆ ಅಂತ ಕೇಳಬೇಡ.”